ಅಂಗಡಿಯ ನೋಂದಣಿ, ವಿಮಾನದ ಪಾಯಿಂಟ್ಸ್: ಈ ಎರಡು ಲೆಕ್ಕ ಎಲ್ಲಿ ಕೂಡುತ್ತೆ?

ಹತ್ತು ರೂಪಾಯಿ ಟೀಗೆ ಸ್ಕ್ಯಾನ್ ಮಾಡಿದರೆ ಅದು ಎಲ್ಲೋ ಒಂದು ಕಡೆ ದಾಖಲಾಗುತ್ತೆ. ಹತ್ತು ಸಾವಿರದ ವಿಮಾನ ಟಿಕೆಟ್‌ಗೆ ಕಾರ್ಡ್ ಉಜ್ಜಿದರೂ ದಾಖಲಾಗುತ್ತೆ. ವ್ಯತ್ಯಾಸ ಇಷ್ಟೇ: ಮೊದಲನೆಯದು ಟೀ ಮಾರಿದವರ ಮನೆಗೆ ನೋಟಿಸ್ ಆಗಿ ಬರಬಹುದು. ಎರಡನೆಯದು ಟಿಕೆಟ್ ಕೊಂಡವರ ಖಾತೆಗೆ ಪಾಯಿಂಟ್ ಆಗಿ ಬರುತ್ತೆ.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಕಲಿತದ್ದರಲ್ಲಿ ಬಹುಪಾಲು ಮರೆತುಹೋಗಿದೆ, ಆದರೆ ಒಂದು ಪಾಠ ಮಾತ್ರ ಪತ್ರಿಕೋದ್ಯಮಕ್ಕೂ ಜೊತೆಗೆ ಬಂತು. ಶಕ್ತಿ ಸುಮ್ಮನೆ ಹುಟ್ಟಲ್ಲ, ಎಲ್ಲಿಂದಲೋ ಬರಲೇಬೇಕು. ದುಡ್ಡಿನದೂ ಅದೇ ಕಥೆ. ಯಾರಾದರೂ 'ಪಾಯಿಂಟ್ಸ್‌ನಲ್ಲಿ ಫ್ರೀಯಾಗಿ ಹೋಗಿಬಂದೆ' ಅಂದರೆ, ಆ ಸೀಟಿನ ದುಡ್ಡು ಯಾರ ಜೇಬಿಂದ ಹೋಯ್ತು ಅಂತ ಹುಡುಕೋದು ನನಗೆ ಚಟ. ಹುಡುಕುತ್ತಾ ಹೋದರೆ ದಾರಿ ಬಂದು ನಿಲ್ಲೋದು ಸಣ್ಣ ಅಂಗಡಿಯ ಗಲ್ಲಾಪೆಟ್ಟಿಗೆ ಹತ್ತಿರ.

ಹಾಗಾಗಿ ಈ ಬರಹದಲ್ಲಿ ಎರಡನ್ನೂ ಒಟ್ಟಿಗೆ ಇಟ್ಟಿದ್ದೇನೆ. ಸಣ್ಣ ವ್ಯಾಪಾರ ಶುರು ಮಾಡೋರಿಗೆ ಯಾವ ನೋಂದಣಿ ಬೇಕು, ಯಾವುದು ಬೇಡ. ಪಾಯಿಂಟ್ಸ್ ಹೇಗೆ ಹುಟ್ಟುತ್ತೆ, ಅದರ ನಿಜವಾದ ಬೆಲೆ ಎಷ್ಟು. ಕೊನೆಗೆ ಇವೆರಡೂ ಎಲ್ಲಿ ಸೇರುತ್ತವೆ. ಬೇಕಾದಾಗ ತೆಗೆದು ನೋಡೋಕೆ ಇಟ್ಟುಕೊಳ್ಳಿ.

ನೋಂದಣಿ ಅಂದ್ರೆ ಒಂದೇ ಕಾಗದ ಅಲ್ಲ

'ಅಂಗಡಿ ರಿಜಿಸ್ಟರ್ ಆಗಿದ್ಯಾ?' ಅನ್ನೋ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಉತ್ತರ ಕೊಡೋಕೆ ಆಗಲ್ಲ. ಯಾವ ಇಲಾಖೆಯಲ್ಲಿ ಅಂತ ಮೊದಲು ಕೇಳಬೇಕು.

ಒಬ್ಬರೇ ಮಾಲೀಕರಿರುವ ವ್ಯಾಪಾರಕ್ಕೆ, ಅಂದರೆ ಪ್ರೊಪ್ರೈಟರ್‌ಶಿಪ್‌ಗೆ, 'ಇದು ಇಂಥವರ ವ್ಯಾಪಾರ' ಅಂತ ಹೇಳುವ ಪ್ರತ್ಯೇಕ ನೋಂದಣಿಯೇ ಇಲ್ಲ. ಕಾನೂನಿನ ಕಣ್ಣಿಗೆ ಮಾಲೀಕರೂ ಅಂಗಡಿಯೂ ಒಂದೇ. ಪಾನ್ ಕೂಡ ಒಂದೇ. ಅಂಗಡಿ ಸಾಲ ಮಾಡಿದರೆ ಮನೆಯ ಸೈಟೂ ಅದಕ್ಕೆ ಹೊಣೆ. ಇಬ್ಬರು ಸೇರಿ ಮಾಡಿದರೆ ಪಾಲುದಾರಿಕೆ. ಅದಕ್ಕೆ 1932ರ ಕಾಯ್ದೆ ಇದೆ. ಪಾಲುದಾರಿಕೆಯನ್ನು ನೋಂದಾಯಿಸಲೇಬೇಕು ಅಂತೇನಿಲ್ಲ. ಆದರೆ ನೋಂದಾಯಿಸದಿದ್ದರೆ, ದುಡ್ಡು ಕೊಡದ ಗಿರಾಕಿ ಮೇಲೆ ಒಪ್ಪಂದದ ಆಧಾರದಲ್ಲಿ ದಾವೆ ಹೂಡೋಕೆ ಆಗಲ್ಲ. ಗೆಳೆಯರ ಜೊತೆ ಸ್ಟಾರ್ಟಪ್ ಅಂತ ಹೊರಡೋರು ಇದನ್ನು ನೆನಪಿಡಬೇಕು. ಎಲ್‌ಎಲ್‌ಪಿಗೆ 2008ರ ಕಾಯ್ದೆ, ಪ್ರೈವೇಟ್ ಲಿಮಿಟೆಡ್ ಮತ್ತು ಒಬ್ಬರ ಕಂಪನಿಗೆ 2013ರ ಕಂಪನಿ ಕಾಯ್ದೆ. ಇಲ್ಲಿ ಮಾಲೀಕರು ಬೇರೆ, ಸಂಸ್ಥೆ ಬೇರೆ. ಹಾಗಾಗಿ ಹೊಣೆಗೆ ಮಿತಿ ಇದೆ, ಲೆಕ್ಕಪತ್ರದ ಕೆಲಸ ಜಾಸ್ತಿ.

ಇದು ವ್ಯಾಪಾರದ ರೂಪ. ಇದಾದ ಮೇಲೆ ಬಾಗಿಲು ತೆರೆಯೋಕೆ ಬೇಕಾದ ಕಾಗದಗಳು:

ಅಂಗಡಿ ನೋಂದಣಿ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಇದು ಕಾರ್ಮಿಕ ಇಲಾಖೆಯದು. ಶುರು ಮಾಡಿದ 30 ದಿನದೊಳಗೆ ಅರ್ಜಿ ಹಾಕಬೇಕು. ಕೆಲಸದ ಅವಧಿ, ವಾರದ ರಜೆ ಇವೆಲ್ಲ ಈ ಕಾಯ್ದೆಯ ಅಡಿ ಬರುತ್ತವೆ.

ಟ್ರೇಡ್ ಲೈಸೆನ್ಸ್. ಇದನ್ನು ಕೊಡೋದು ಸ್ಥಳೀಯ ಸಂಸ್ಥೆ, ಅಂದರೆ ಪಾಲಿಕೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ, ಹಾಗಾಗಿ ನಿಮ್ಮ ಅಂಗಡಿ ಯಾವ ಪಾಲಿಕೆಗೆ ಸೇರುತ್ತೆ ಅಂತ ಮೊದಲು ನೋಡಿಕೊಳ್ಳಿ.

ಆಹಾರ ಸುರಕ್ಷತೆ. ತಿನ್ನೋದು, ಕುಡಿಯೋದು ಏನೇ ಮಾರಿದರೂ, ಮನೆಯಲ್ಲಿ ಹಪ್ಪಳ ಮಾಡಿ ಮಾರಿದರೂ, 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಎಫ್‌ಎಸ್‌ಎಸ್‌ಎಐ ಸಂಖ್ಯೆ ಬೇಕು. ವಹಿವಾಟು ಸಣ್ಣದಿದ್ದರೆ ಬರೀ ನೋಂದಣಿ, ದೊಡ್ಡದಾದರೆ ಪರವಾನಗಿ.

ವೃತ್ತಿ ತೆರಿಗೆ. ಇದು ರಾಜ್ಯದ್ದು. ಸಂವಿಧಾನದ 276ನೇ ವಿಧಿಯೇ ವರ್ಷಕ್ಕೆ 2,500 ರೂ. ಮೀರಬಾರದು ಅಂತ ಮಿತಿ ಹಾಕಿದೆ.

ಉದ್ಯಮ್. ಇದು ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ನೋಂದಣಿ. ಇದರ ಬಗ್ಗೆ ಮುಂದೆ ಹೇಳ್ತೀನಿ.

ಜಿಎಸ್‌ಟಿ. ಎಲ್ಲರಿಗೂ ಭಯ ಇರೋದು ಇದರದ್ದೇ. ಅಲ್ಲಿಂದಲೇ ಶುರು ಮಾಡೋಣ.

40 ಲಕ್ಷ ಅಂದ್ರೆ ದಿನಕ್ಕೆ ಎಷ್ಟು?

ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂ. ಸೇವೆ ಕೊಡುವವರಿಗೆ 20 ಲಕ್ಷ. ಈ ಲೆಕ್ಕ 2019ರ ಏಪ್ರಿಲ್‌ನಿಂದ ಇದೆ. ಕೇಳೋಕೆ ದೊಡ್ಡ ಮೊತ್ತ ಅನಿಸುತ್ತೆ. 365ರಿಂದ ಭಾಗಿಸಿ ನೋಡಿ, ದಿನಕ್ಕೆ ಸುಮಾರು 10,960 ರೂ. ನಾಲ್ಕು ರಸ್ತೆ ಕೂಡುವಲ್ಲಿರೋ ಬೇಕರಿಗೆ ಇದು ದೊಡ್ಡ ವ್ಯಾಪಾರವೇನಲ್ಲ. ಸೇವೆಯ ಮಿತಿಯಾದರೆ ದಿನಕ್ಕೆ ಸುಮಾರು 5,480 ರೂ.

ಇದು ವಹಿವಾಟು, ಲಾಭ ಅಲ್ಲ. ಜನ ಎಡವೋದು ಇಲ್ಲೇ. ನೂರು ರೂಪಾಯಿ ಸಾಮಾನು ಮಾರಿ ಕೈಯಲ್ಲಿ ಐದು ರೂಪಾಯಿ ಉಳಿದರೂ ಲೆಕ್ಕಕ್ಕೆ ಬರೋದು ನೂರು.

ಎರಡನೆಯ ವಿಷಯ: ಲೆಕ್ಕ ಅಂಗಡಿಗೆ ಅಲ್ಲ, ಪಾನ್‌ಗೆ. ಒಂದೇ ಪಾನ್ ಮೇಲೆ ಎರಡು ಅಂಗಡಿ ಇದ್ದರೆ ಎರಡರದ್ದೂ ಸೇರುತ್ತೆ.

ಮೂರನೆಯದು ಇನ್ನೂ ಸೂಕ್ಷ್ಮ. ತೆರಿಗೆಯೇ ಇಲ್ಲದ ವಸ್ತುಗಳನ್ನು ಮಾತ್ರ ಮಾರುವವರು, ಉದಾಹರಣೆಗೆ ಬರೀ ತಾಜಾ ತರಕಾರಿ, ಹಣ್ಣು, ಹಾಲು, ಎಷ್ಟೇ ವ್ಯಾಪಾರ ಮಾಡಲಿ ನೋಂದಣಿ ಬೇಕಿಲ್ಲ. ಆದರೆ ಜೊತೆಗೆ ತೆರಿಗೆ ಇರುವ ವಸ್ತುಗಳನ್ನೂ ಮಾರಿದರೆ? ಆಗ ಎರಡೂ ಸೇರಿಸಿ ಮಿತಿ ನೋಡ್ತಾರೆ. ವರ್ಷಕ್ಕೆ 30 ಲಕ್ಷದ ಹಾಲು, 12 ಲಕ್ಷದ ಬಿಸ್ಕತ್ತು-ಸೋಪು ಮಾರುವ ಅಂಗಡಿ ಅಂದುಕೊಳ್ಳಿ. ಒಟ್ಟು 42 ಲಕ್ಷ. ನೋಂದಣಿ ಕಡ್ಡಾಯ. ಆದರೆ ತೆರಿಗೆ ಬೀಳೋದು 12 ಲಕ್ಷಕ್ಕೆ ಮಾತ್ರ. ಹಾಲಿಗೆ ತೆರಿಗೆ ಇಲ್ಲ.

ಮಿತಿಯೊಳಗೆ ಇದ್ದರೂ ನೋಂದಣಿ ಬೇಕಾಗುವ ಸಂದರ್ಭ ಇದೆ. ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ಬೇಕು. ಇಳಕಲ್ ಸೀರೆಯನ್ನು ಇನ್‌ಸ್ಟಾಗ್ರಾಮ್‌ನಲ್ಲಿ ತೋರಿಸಿ ಪುಣೆಗೆ ಕಳಿಸೋರು ಒಮ್ಮೆ ಲೆಕ್ಕಪರಿಶೋಧಕರನ್ನು ಕೇಳಿಬಿಡಿ. ರಾಜ್ಯದೊಳಗೆ ಮಾತ್ರ ಆನ್‌ಲೈನ್ ವೇದಿಕೆ ಮೂಲಕ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್‌ನಿಂದ ಈ ಕಡ್ಡಾಯ ಸಡಿಲವಾಗಿದೆ.

ನೋಂದಣಿಗೆ ಸರ್ಕಾರಿ ಶುಲ್ಕ ಸೊನ್ನೆ. ಯಾರಾದರೂ 'ಫೀಸು' ಅಂದರೆ ಅದು ಅವರ ಕೆಲಸದ ಕೂಲಿ, ಸರ್ಕಾರದ್ದಲ್ಲ. 2025ರ ನವೆಂಬರ್ 1ರಿಂದ, ತಿಂಗಳ ತೆರಿಗೆ 2.5 ಲಕ್ಷ ರೂ. ಮೀರಲ್ಲ ಅಂತ ಸ್ವತಃ ಘೋಷಿಸುವವರಿಗೆ ಮೂರು ಕೆಲಸದ ದಿನದಲ್ಲಿ ನೋಂದಣಿ ಸಿಗುವ ದಾರಿ ಬಂದಿದೆ. ಒಳಗೆ ಹೋಗೋದು ಸುಲಭ. ಆಮೇಲೆ ಪ್ರತಿ ಅವಧಿಗೂ ರಿಟರ್ನ್ಸ್ ಹಾಕಬೇಕು, ವ್ಯಾಪಾರ ಇಲ್ಲದಿದ್ದರೂ 'ನಿಲ್' ಅಂತ ಹಾಕಲೇಬೇಕು. ಮರೆತರೆ ದಿನಕ್ಕಿಷ್ಟು ಅಂತ ವಿಳಂಬ ಶುಲ್ಕ ಬೆಳೆಯುತ್ತೆ.

ರಾಜಿ ತೆರಿಗೆ: ಗೊತ್ತಿದ್ದರೆ ನೆಮ್ಮದಿ

ಸಣ್ಣವರಿಗಾಗಿ ಕಾಂಪೋಸಿಷನ್ ಅಂತ ಒಂದು ಪದ್ಧತಿ ಇದೆ. ಇಲಾಖೆಯ ಕನ್ನಡದಲ್ಲಿ ರಾಜಿ ತೆರಿಗೆ. ವರ್ಷದ ವಹಿವಾಟು 1.5 ಕೋಟಿ ರೂ. ಒಳಗಿದ್ದರೆ ವ್ಯಾಪಾರಿಗಳು, ತಯಾರಕರು ಶೇ 1, ಮದ್ಯ ಮಾರದ ಹೋಟೆಲ್‌ಗಳು ಶೇ 5 ಕಟ್ಟಿದರೆ ಸಾಕು. ಸೇವೆಯವರಿಗೆ 50 ಲಕ್ಷದವರೆಗೆ ಶೇ 6. ಮೂರು ತಿಂಗಳಿಗೊಮ್ಮೆ ದುಡ್ಡು ಕಟ್ಟಬೇಕು, ರಿಟರ್ನ್ಸ್ ವರ್ಷಕ್ಕೊಂದು.

ಬದಲಿಗೆ ಬಿಟ್ಟುಕೊಡಬೇಕಾದ್ದು ಮೂರು: ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ, ಕೊಂಡ ಸಾಮಾನಿನ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ವಾಪಸ್ ಪಡೆಯುವಂತಿಲ್ಲ, ಸರಕನ್ನು ಹೊರರಾಜ್ಯಕ್ಕೆ ಮಾರುವಂತಿಲ್ಲ.

ಮೇಲಿನ ಹಾಲು-ಬಿಸ್ಕತ್ತಿನ ಅಂಗಡಿಗೆ ಬರೋಣ. ರಾಜಿ ತೆರಿಗೆಯಲ್ಲಿ ವ್ಯಾಪಾರಿಗೆ ಶೇ 1 ಬೀಳೋದು ತೆರಿಗೆ ಇರುವ ಸರಕಿನ ಮಾರಾಟಕ್ಕೆ ಮಾತ್ರ. ಅಂದರೆ 12 ಲಕ್ಷಕ್ಕೆ ವರ್ಷಕ್ಕೆ 12,000 ರೂ. ತಿಂಗಳಿಗೆ ಒಂದು ಸಾವಿರ. ಭಾರ ಅಲ್ಲ ಅಂತ ಹೇಳಲ್ಲ, ಆದರೆ ಅಂಗಡಿ ಮುಚ್ಚಿಸುವ ಮೊತ್ತ ಅಲ್ಲ.

ಹಾಗಾದರೆ 2025ರ ಜುಲೈನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಯಾಕೆ ಅಷ್ಟು ಗಾಬರಿ? ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ವಹಿವಾಟಿನ ಮಾಹಿತಿ ಇಟ್ಟುಕೊಂಡು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ತರಕಾರಿ ಮಾರುವವರಿಗೂ ಬಂತು. ಕ್ಯೂಆರ್ ಕೋಡ್ ಕಿತ್ತುಹಾಕಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಬೋರ್ಡ್ ಬಿದ್ದವು. ವ್ಯಾಪಾರಿಗಳು ಜುಲೈ 25ಕ್ಕೆ ಬಂದ್ ಕರೆ ಕೊಟ್ಟರು. ಎರಡು ದಿನ ಮೊದಲು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಇಲ್ಲ ಅಂದ ಮೇಲೆ ಬಿಸಿ ತಣಿಯಿತು.

ಸಮಸ್ಯೆಯ ಮೂಲ ಇಲ್ಲಿದೆ: ಯುಪಿಐ ಖಾತೆಗೆ ಬಂದ ದುಡ್ಡೆಲ್ಲ ವಹಿವಾಟಲ್ಲ. ತಮ್ಮ ಕಳಿಸಿದ ಕೈಸಾಲ, ಚೀಟಿ ದುಡ್ಡು, ಮಗಳ ಫೀಸಿಗೆ ಬಂದದ್ದು ಎಲ್ಲ ಒಂದೇ ಖಾತೆಯಲ್ಲಿ ಬಿದ್ದಿರುತ್ತೆ. ಮಾರಿದ್ದು ಹಾಲೋ ಸೋಪೋ ಅಂತ ಯುಪಿಐಗೆ ಗೊತ್ತಾಗಲ್ಲ. ಇನ್ನೊಂದು, ಮೊದಲೇ ನೋಂದಣಿ ಮಾಡಿಸಿ ರಾಜಿ ತೆರಿಗೆ ಆರಿಸಿಕೊಂಡಿದ್ದರೆ ಶೇ 1 ಕಟ್ಟಿ ಮುಗಿಸಬಹುದಿತ್ತು. ಹಿಂದಿನ ವರ್ಷಗಳಿಗೆ ಆ ಆಯ್ಕೆ ಈಗ ಸಿಗಲ್ಲ. ಹಾಗಾಗಿ ಲೆಕ್ಕ ಪೂರ್ತಿ ದರದಲ್ಲಿ, ದಂಡ ಬಡ್ಡಿ ಸೇರಿ ಬೆಳೆಯಿತು. ನಾಲ್ಕು ವರ್ಷ ಸುಮ್ಮನಿದ್ದು ಐದನೇ ವರ್ಷ ಒಟ್ಟಿಗೆ ಕೇಳೋದು ಆಡಳಿತ ಅಲ್ಲ. ಮೊದಲ ವರ್ಷವೇ ಒಬ್ಬರು ಬಂದು ತಿಳಿಸಿ ಹೇಳಿದ್ದರೆ ಅದು ಆಡಳಿತ ಆಗ್ತಿತ್ತು.

ನಿಮ್ಮ ಮನೆಯಲ್ಲಿ ಯಾರಾದರೂ ಅಂಗಡಿ ಇಟ್ಟಿದ್ದರೆ ಇವತ್ತೇ ಮಾಡಬೇಕಾದ ಕೆಲಸ ಎರಡು. ವ್ಯಾಪಾರಕ್ಕೆ ಒಂದು ಖಾತೆ, ಮನೆಗೆ ಇನ್ನೊಂದು ಖಾತೆ. ಮತ್ತೆ, ತೆರಿಗೆ ಇಲ್ಲದ ಸರಕಿನ ಖರೀದಿ ಬಿಲ್ಲುಗಳನ್ನು ಬೇರೆಯಾಗಿ ಜೋಪಾನ ಮಾಡೋದು.

ಉದ್ಯಮ್ ಸಂಖ್ಯೆಯ ಬಲ

ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಇದೆ. ಉಚಿತ, ಆಧಾರ್ ಮತ್ತು ಪಾನ್ ಮೇಲೆ ಸ್ವಯಂ ಘೋಷಣೆ. ಹೆಸರು ಹೋಲುವ ಖಾಸಗಿ ತಾಣಗಳು ದುಡ್ಡು ಕೇಳುತ್ತವೆ, ಅವು ಸರ್ಕಾರದ್ದಲ್ಲ. 2025ರ ಏಪ್ರಿಲ್‌ನಿಂದ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ಮೀರದಿದ್ದರೆ 'ಸೂಕ್ಷ್ಮ'. ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿವರೆಗೆ 'ಸಣ್ಣ'.

ಇದರ ನಿಜವಾದ ಬಲ ಸಾಲದ ಅರ್ಜಿಯಲ್ಲಿ ಇಲ್ಲ, ಬಾಕಿ ವಸೂಲಿಯಲ್ಲಿದೆ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಸೂಕ್ಷ್ಮ, ಸಣ್ಣ ಘಟಕದ ಬಿಲ್ಲನ್ನು ಬರಹದ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಕೊಂಡವರು ಚುಕ್ತಾ ಮಾಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡೋಕೆ 2017ರಿಂದ ಸಮಾಧಾನ್ ಪೋರ್ಟಲ್ ಇದೆ. ದೊಡ್ಡ ಕಂಪನಿಯ ಬಾಗಿಲಲ್ಲಿ ಬಿಲ್ ಹಿಡಿದು ನಿಂತ ಪೀಣ್ಯದ ಸಣ್ಣ ವರ್ಕ್‌ಶಾಪಿಗೆ ಇದು ಕೈಯಲ್ಲಿರೋ ದೊಣ್ಣೆ. ಗೊತ್ತಿರಲಿ, ಇದು ತಯಾರಿಕೆ ಮತ್ತು ಸೇವೆಯವರಿಗೆ. ಬರೀ ಕೊಂಡು ಮಾರುವ ಚಿಲ್ಲರೆ, ಸಗಟು ವ್ಯಾಪಾರಿಗಳನ್ನು 2021ರಲ್ಲಿ ಸೇರಿಸಿದ್ದು ಆದ್ಯತಾ ವಲಯದ ಸಾಲಕ್ಕಾಗಿ ಮಾತ್ರ.

ಪಾನ್, ಜಿಎಸ್‌ಟಿ ಇಲ್ಲದ ತೀರಾ ಸಣ್ಣವರಿಗೆ 2023ರಿಂದ ಉದ್ಯಮ್ ಅಸಿಸ್ಟ್ ಇದೆ. ಬೀದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಸಾಲ ಬೇರೆ.

ಈಗ ವಿಮಾನ ಹತ್ತೋಣ

ದೊಡ್ಡ ಮಟ್ಟದಲ್ಲಿ ಪಾಯಿಂಟ್ಸ್ ಆಟ ಶುರುವಾದದ್ದು 1981ರ ಮೇನಲ್ಲಿ, ಅಮೆರಿಕನ್ ಏರ್‌ಲೈನ್ಸ್‌ನ ಅಡ್ವಾಂಟೇಜ್ ಯೋಜನೆಯಿಂದ. ಆಲೋಚನೆ ಸರಳವಾಗಿತ್ತು. ಖಾಲಿ ಹೋಗುವ ಸೀಟನ್ನು ಪದೇ ಪದೇ ಬರುವ ಗಿರಾಕಿಗೆ ಕೊಟ್ಟು ಕಟ್ಟಿಹಾಕೋದು. ನಮ್ಮ ಕಾಂಡಿಮೆಂಟ್ಸ್‌ನವರು ದಿನಾ ಬರೋರಿಗೆ ಒಂದು ಚಕ್ಕುಲಿ ಜಾಸ್ತಿ ಇಟ್ಟ ಹಾಗೆ.

ಆಮೇಲೆ ಆಟ ಬದಲಾಯಿತು. ವಿಮಾನ ಕಂಪನಿಗಳು ಪಾಯಿಂಟ್‌ಗಳನ್ನು ಬ್ಯಾಂಕ್‌ಗಳಿಗೆ ಮಾರೋಕೆ ಶುರು ಮಾಡಿದವು. ಬ್ಯಾಂಕ್ ದುಡ್ಡು ಕೊಟ್ಟು ಪಾಯಿಂಟ್ ಕೊಳ್ಳುತ್ತೆ, ತನ್ನ ಕ್ರೆಡಿಟ್ ಕಾರ್ಡ್ ಗ್ರಾಹಕರಿಗೆ ಹಂಚುತ್ತೆ. ವಿಮಾನ ಹಾರದಿದ್ದರೂ ಕಂಪನಿಗೆ ದುಡ್ಡು. ಇದು ಎಷ್ಟು ದೊಡ್ಡ ವ್ಯಾಪಾರ ಅಂತ ಜಗತ್ತಿಗೆ ಗೊತ್ತಾದದ್ದು 2020ರಲ್ಲಿ. ಕೋವಿಡ್‌ನಲ್ಲಿ ವಿಮಾನಗಳು ನಿಂತಾಗ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ತನ್ನ ಮೈಲೇಜ್‌ಪ್ಲಸ್ ಯೋಜನೆಯನ್ನೇ ಒತ್ತೆ ಇಟ್ಟು 500 ಕೋಟಿ ಡಾಲರ್ ಸಾಲಕ್ಕೆ ಹೋಯಿತು. ಆ ಯೋಜನೆಯ ಬೆಲೆಯನ್ನು ಸುಮಾರು 2,200 ಕೋಟಿ ಡಾಲರ್ ಅಂತ ಅಂದಾಜಿಸಿತ್ತು. ಷೇರುಪೇಟೆಯಲ್ಲಿ ಆಗ ಇಡೀ ಕಂಪನಿಗೆ ಇದ್ದ ಬೆಲೆಗಿಂತ ಇದು ಜಾಸ್ತಿ.

ಭಾರತದಲ್ಲಿ ಏರ್ ಇಂಡಿಯಾದ ಫ್ಲೈಯಿಂಗ್ ರಿಟರ್ನ್ಸ್ ಈಗ ಮಹಾರಾಜ ಕ್ಲಬ್. 2024ರ ನವೆಂಬರ್ 12ರಂದು ವಿಸ್ತಾರ ವಿಲೀನವಾದಾಗ ಕ್ಲಬ್ ವಿಸ್ತಾರದ ಪಾಯಿಂಟ್‌ಗಳೂ ಇಲ್ಲಿಗೇ ಬಂದವು. 2006ರಲ್ಲಿ ಹಾರಾಟ ಶುರು ಮಾಡಿದ ಇಂಡಿಗೊ ತನ್ನದೇ ಬ್ಲೂಚಿಪ್ ಯೋಜನೆ ತಂದದ್ದು 2024ರಲ್ಲಿ.

ಮುಳುಗಿದವರ ಕಥೆಯೂ ಇದೆ. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನಿಂತಾಗ ಅದರ ಕಿಂಗ್ ಕ್ಲಬ್ ಪಾಯಿಂಟ್ ಇದ್ದವರಿಗೆ ಉಳಿದದ್ದು ಬರೀ ಪ್ಲಾಸ್ಟಿಕ್ ಕಾರ್ಡ್. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು, ಅದರ ಜೆಟ್‌ಪ್ರಿವಿಲೇಜ್ ಮಾತ್ರ ಇಂಟರ್‌ಮೈಲ್ಸ್ ಅಂತ ಹೆಸರು ಬದಲಿಸಿ ಮುಂದುವರಿಯಿತು. ಅದು ಮೊದಲೇ ಬೇರೆ ಕಂಪನಿಯಾಗಿತ್ತು, ಬಹುಪಾಲು ಷೇರು ಎತಿಹಾದ್‌ ಕೈಯಲ್ಲಿತ್ತು. ಪಾಠ ಏನಂದ್ರೆ, ಪಾಯಿಂಟ್ ನಿಮ್ಮ ಉಳಿತಾಯ ಅಲ್ಲ. ಕಂಪನಿ ಮುಳುಗಿದರೆ ಸಾಲಗಾರರ ಸಾಲಿನಲ್ಲಿ ನಿಮ್ಮದು ಕೊನೆಯ ಜಾಗ. ಬಡ್ಡಿ ಬರಲ್ಲ, ಬೆಲೆ ಮಾತ್ರ ಇಳಿಯುತ್ತೆ. ಆದ್ದರಿಂದ ಕೂಡಿಡಬೇಡಿ, ಸಿಕ್ಕಾಗ ಖರ್ಚು ಮಾಡಿ.

ಪಾಯಿಂಟ್‌ನ ಬೆಲೆ ಕಟ್ಟೋ ಸೂತ್ರ

ಟಿಕೆಟ್‌ನ ನಗದು ಬೆಲೆಯಿಂದ, ಪಾಯಿಂಟ್ ಟಿಕೆಟ್‌ಗೂ ನೀವು ಕೈಯಿಂದ ಕಟ್ಟುವ ತೆರಿಗೆ-ಶುಲ್ಕ ಕಳೆಯಿರಿ. ಉಳಿದದ್ದನ್ನು ಬೇಕಾದ ಪಾಯಿಂಟ್‌ಗಳಿಂದ ಭಾಗಿಸಿ.

ಒಂದು ಕಲ್ಪಿತ ಉದಾಹರಣೆ. ಟಿಕೆಟ್ ಬೆಲೆ 6,500 ರೂ. ಪಾಯಿಂಟ್‌ನಲ್ಲಿ ಕೊಂಡರೆ 10,000 ಪಾಯಿಂಟ್, ಜೊತೆಗೆ 1,300 ರೂ. ನಗದು. 5,200ನ್ನು 10,000ದಿಂದ ಭಾಗಿಸಿದರೆ ಪಾಯಿಂಟ್‌ಗೆ 52 ಪೈಸೆ. ಕಾರ್ಡ್ ನೂರು ರೂಪಾಯಿಗೆ 2 ಪಾಯಿಂಟ್ ಕೊಡುತ್ತೆ ಅಂದರೆ ಆ 10,000 ಪಾಯಿಂಟ್‌ಗೆ ನೀವು ಖರ್ಚು ಮಾಡಿದ್ದು 5 ಲಕ್ಷ. ಐದು ಲಕ್ಷಕ್ಕೆ 5,200 ಸಿಕ್ಕಿತು, ಶೇ 1ಕ್ಕಿಂತ ಸ್ವಲ್ಪ ಜಾಸ್ತಿ. 'ಫ್ರೀ ಟಿಕೆಟ್' ಅಂದರೆ ಇಷ್ಟೇ. ಕಾರ್ಡ್‌ನ ವಾರ್ಷಿಕ ಶುಲ್ಕ ಇದ್ದರೆ ಅದನ್ನೂ ಕಳೆಯಿರಿ. ಒಂದೇ ಒಂದು ತಿಂಗಳ ಬಿಲ್ ಬಾಕಿ ಉಳಿಸಿ ಬಡ್ಡಿ ಕಟ್ಟಿದರೆ ಇಡೀ ವರ್ಷದ ಪಾಯಿಂಟ್ ಅದರಲ್ಲೇ ಕರಗಬಹುದು.

ಎರಡೂ ಸೇರುವ ಮೊದಲ ಜಾಗ: ಟಿಕೆಟ್ ಬಿಲ್

ವ್ಯಾಪಾರಕ್ಕಾಗಿ ಹಾರುವ ಸಣ್ಣ ಉದ್ದಿಮೆದಾರರಿಗೆ ಇಲ್ಲಿ ಒಂದಿಷ್ಟು ಉಪಯುಕ್ತ ಮಾಹಿತಿ ಇದೆ. ಎಕಾನಮಿ ಟಿಕೆಟ್‌ಗೆ ಜಿಎಸ್‌ಟಿ ಶೇ 5. ಬಿಸಿನೆಸ್ ಕ್ಲಾಸ್‌ಗೆ ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 18. ನೀವು ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾಗಿದ್ದು, ಪ್ರಯಾಣ ವ್ಯಾಪಾರದ್ದೇ ಆಗಿದ್ದರೆ, ಬುಕ್ ಮಾಡುವಾಗಲೇ ನಿಮ್ಮ ಜಿಎಸ್‌ಟಿ ಸಂಖ್ಯೆ ಹಾಕಿ. ಆ ತೆರಿಗೆ ನಿಮ್ಮ ಜಮೆಗೆ ಬರುತ್ತೆ. ರಾಜಿ ತೆರಿಗೆಯವರಿಗೆ ಈ ಸೌಲಭ್ಯ ಇಲ್ಲ. ನೋಂದಣಿಯೇ ಇಲ್ಲದವರಿಗಂತೂ ಇಲ್ಲವೇ ಇಲ್ಲ.

ಸಿಂಗಪುರ ಏರ್‌ಲೈನ್ಸ್‌ನ ಹೈಫ್ಲೈಯರ್, ಎಮಿರೇಟ್ಸ್‌ನ ಬಿಸಿನೆಸ್ ರಿವಾರ್ಡ್ಸ್ ಥರದ ಯೋಜನೆಗಳು ಪ್ರಯಾಣಿಕರಿಗೆ ಮಾತ್ರವಲ್ಲದೆ ಅವರ ಸಂಸ್ಥೆಗೂ ಪಾಯಿಂಟ್ ಕೊಡುತ್ತವೆ. ಅಲ್ಲಿ ಸೇರೋಕೆ ವ್ಯಾಪಾರದ ನೋಂದಣಿ ವಿವರ ಬೇಕು.

ಇವಿಲ್ಲದಿದ್ದರೆ ಸಾಮಾನ್ಯ ನಿಯಮ ಏನು? ಪಾಯಿಂಟ್ ಹೋಗೋದು ದುಡ್ಡು ಕೊಟ್ಟವರಿಗಲ್ಲ, ಸೀಟಿನಲ್ಲಿ ಕೂತವರಿಗೆ. ಇಬ್ಬರು ಪಾಲುದಾರರಲ್ಲಿ ಒಬ್ಬರೇ ಸದಾ ದೆಹಲಿಗೆ ಹೋಗಿಬರ್ತಿದ್ದರೆ ಸಂಸ್ಥೆಯ ದುಡ್ಡಲ್ಲಿ ಅವರ ಖಾತೆ ತುಂಬುತ್ತೆ. ಪಾಲುದಾರಿಕೆ ಪತ್ರದಲ್ಲಿ ಇದಕ್ಕೆ ಒಂದು ಸಾಲು ಬರೆದಿಟ್ಟರೆ ಮುಂದೆ ಮನಸ್ತಾಪ ಇರಲ್ಲ.

ಎರಡನೆಯ ಜಾಗ: ಗಲ್ಲಾಪೆಟ್ಟಿಗೆ

ಈಗ ಶುರುವಿನ ಪ್ರಶ್ನೆ. ಬ್ಯಾಂಕ್ ಪಾಯಿಂಟ್ ಕೊಳ್ಳೋಕೆ ದುಡ್ಡು ಎಲ್ಲಿಂದ ತರುತ್ತೆ?

ಒಂದು ಮೂಲ, ಬಾಕಿ ಉಳಿಸಿಕೊಂಡವರು ಕಟ್ಟುವ ಬಡ್ಡಿ. ಇನ್ನೊಂದು ಎಂಡಿಆರ್, ಅಂದರೆ ಕಾರ್ಡ್ ಉಜ್ಜಿದಾಗ ಅಂಗಡಿಯವರ ದುಡ್ಡಿನಲ್ಲಿ ಮುರಿದುಕೊಳ್ಳುವ ಶುಲ್ಕ. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್‌ಗೆ 2020ರ ಜನವರಿಯಿಂದ ಇದು ಸೊನ್ನೆ. ಡೆಬಿಟ್ ಕಾರ್ಡ್‌ಗಳಿಗೆ ರಿಸರ್ವ್ ಬ್ಯಾಂಕ್ 2018ರಿಂದ ಮಿತಿ ಹಾಕಿದೆ, 20 ಲಕ್ಷದೊಳಗಿನ ಸಣ್ಣ ವ್ಯಾಪಾರಿಗೆ ಶೇ 0.40. ಕ್ರೆಡಿಟ್ ಕಾರ್ಡ್‌ಗೆ ಅಂಥ ಮಿತಿ ಇಲ್ಲ. ಶೇ 2ರ ಆಸುಪಾಸು ಅಂತ ಅಂಗಡಿಯವರಿಗೆ ಗೊತ್ತು. 'ಕಾರ್ಡ್ ಆದ್ರೆ ಟೂ ಪರ್ಸೆಂಟ್ ಎಕ್ಸ್‌ಟ್ರಾ ಸಾರ್' ಅನ್ನೋ ಮಾತು ಹುಟ್ಟಿದ್ದೇ ಅಲ್ಲಿಂದ.

ಮೇಲಿನ ಲೆಕ್ಕಕ್ಕೆ ಇದನ್ನು ಸೇರಿಸಿ. ಐದು ಲಕ್ಷ ಖರ್ಚಿನ ಮೇಲೆ ಶೇ 2 ಅಂದರೆ 10,000 ರೂ. ಅಂಗಡಿಗಳಿಂದ ಹೋಯ್ತು. ಅದರಲ್ಲಿ ಪ್ರಯಾಣಿಕರಿಗೆ ಸಿಕ್ಕಿದ್ದು 5,200 ರೂ. ಬೆಲೆಯ ಸೀಟು. ಉಳಿದದ್ದು ಮಧ್ಯದಲ್ಲಿರೋರಿಗೆ.

ಇನ್ನೊಂದು ಲೆಕ್ಕ. ವರ್ಷಕ್ಕೆ 60 ಲಕ್ಷ ವ್ಯಾಪಾರ ಮಾಡುವ, ರಾಜಿ ತೆರಿಗೆಯಲ್ಲಿರುವ ಬಟ್ಟೆ ಅಂಗಡಿ. ಸರ್ಕಾರಕ್ಕೆ ಕಟ್ಟೋದು ಶೇ 1, ಅಂದರೆ 60,000 ರೂ. ಅರ್ಧ ವ್ಯಾಪಾರ ಕ್ರೆಡಿಟ್ ಕಾರ್ಡ್‌ನಲ್ಲಿ ಆದರೆ, 30 ಲಕ್ಷಕ್ಕೆ ಶೇ 2ರ ಹಾಗೆ ಕಾರ್ಡ್ ಶುಲ್ಕವೂ 60,000 ರೂ. ಒಂದು ಕೈ ಸರ್ಕಾರಕ್ಕೆ, ಇನ್ನೊಂದು ಕೈ ಪಾಯಿಂಟ್ಸ್ ಯಂತ್ರಕ್ಕೆ, ಎರಡೂ ಸಮ. ಮೊದಲನೆಯದಕ್ಕೆ ಬಂದ್ ಕರೆ ಬರುತ್ತೆ. ಎರಡನೆಯದರ ಬಗ್ಗೆ ಒಂದು ಪ್ರೆಸ್ ಮೀಟೂ ಇಲ್ಲ.

ಅಂಗಡಿಯವರು ಈ ಶುಲ್ಕವನ್ನು ಕೊನೆಗೆ ಬೆಲೆಯಲ್ಲೇ ಸೇರಿಸ್ತಾರೆ. ಆಗ ಕ್ಯಾಶ್ ಕೊಟ್ಟು ಅದೇ ಅಂಗಿ ಕೊಂಡ ಗಾರ್ಮೆಂಟ್ಸ್ ಕಾರ್ಮಿಕರೂ ಆ ಬೆಲೆಯನ್ನೇ ಕೊಡ್ತಾರೆ. ಅವರಿಗೆ ಪಾಯಿಂಟ್ ಇಲ್ಲ. ಇದು ಊಹೆ ಅಲ್ಲ. ಅಮೆರಿಕದ ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕ್‌ನ ಅರ್ಥಶಾಸ್ತ್ರಜ್ಞರು 2010ರಲ್ಲಿ ಅಲ್ಲಿನ ಲೆಕ್ಕ ಹಾಕಿದ್ದರು: ಕ್ಯಾಶ್ ಬಳಸುವ ಸರಾಸರಿ ಕುಟುಂಬ ವರ್ಷಕ್ಕೆ 149 ಡಾಲರ್ ಕಳೆದುಕೊಳ್ಳುತ್ತೆ, ಕಾರ್ಡ್ ಬಳಸುವ ಸರಾಸರಿ ಕುಟುಂಬ 1,133 ಡಾಲರ್ ಪಡೆಯುತ್ತೆ. ದುಡ್ಡು ಕೆಳಗಿಂದ ಮೇಲಕ್ಕೆ ಹರಿಯುತ್ತೆ.

ಯುರೋಪಿಯನ್ ಒಕ್ಕೂಟ 2015ರಲ್ಲಿ, ಅಂಗಡಿಯ ಬ್ಯಾಂಕ್ ಕಾರ್ಡ್ ಕೊಟ್ಟ ಬ್ಯಾಂಕ್‌ಗೆ ಕೊಡುವ ಪಾಲಿಗೆ ಮಿತಿ ಹಾಕಿತು. ಡೆಬಿಟ್‌ಗೆ ಶೇ 0.2, ಕ್ರೆಡಿಟ್‌ಗೆ ಶೇ 0.3. ನಮ್ಮಲ್ಲಿ ಯುಪಿಐ ವೆಚ್ಚವನ್ನು ಸರ್ಕಾರ ಭಾಗಶಃ ಹೊರುತ್ತೆ. 2024-25ಕ್ಕೆ ಸಣ್ಣ ವ್ಯಾಪಾರಿಗಳ ವಹಿವಾಟಿಗಾಗಿ 1,500 ಕೋಟಿ ರೂ. ಇಟ್ಟಿತ್ತು. ಈ ನಡುವೆ ರುಪೇ ಕ್ರೆಡಿಟ್ ಕಾರ್ಡ್ ಯುಪಿಐ ಒಳಗೇ ಬಂದಿದೆ. ಸಣ್ಣ ವ್ಯಾಪಾರಿಗೆ 2,000 ರೂ.ವರೆಗೆ ಶುಲ್ಕ ಇಲ್ಲ, ಮೀರಿದರೆ ಇದೆ. ಕ್ಯೂಆರ್ ಅದೇ, ಸದ್ದು ಅದೇ. ಗಿರಾಕಿ ಖಾತೆಯಿಂದ ಕೊಟ್ಟರೋ ಕ್ರೆಡಿಟ್‌ನಿಂದ ಕೊಟ್ಟರೋ ಅಂತ ಅಂಗಡಿಯವರಿಗೆ ಮುಂಚೆ ಗೊತ್ತಾಗೋದು ಕಷ್ಟ.

ಹಾಗಾದ್ರೆ ಏನು ಕೇಳಬೇಕು?

ನೋಂದಣಿ ಬೇಡ ಅನ್ನೋದು ನನ್ನ ವಾದ ಅಲ್ಲ. ನೋಂದಣಿಯಿಂದ ಬಾಕಿ ವಸೂಲಿಗೆ ಬಲ ಬರುತ್ತೆ, ತೆರಿಗೆ ಜಮೆ ಸಿಗುತ್ತೆ, ಬ್ಯಾಂಕ್ ಮಾತಾಡಿಸುತ್ತೆ. ಪಾಯಿಂಟ್ಸ್ ಬಳಸಬೇಡಿ ಅಂತಲೂ ಹೇಳ್ತಿಲ್ಲ. ಇದ್ದರೆ ಬಳಸಿ, ಆದರೆ ಅದನ್ನು ಜಾಣತನ ಅಂತ ಕರೀಬೇಡಿ. ಅದು ಯಾರದೋ ಗಲ್ಲಾಪೆಟ್ಟಿಗೆಯಿಂದ ಬಂದದ್ದು ಅಂತ ಗೊತ್ತಿದ್ದರೆ ಸಾಕು. ಸಣ್ಣ ಅಂಗಡಿಯಲ್ಲಿ ಖಾತೆಯಿಂದಲೇ ಯುಪಿಐ ಮಾಡಿ, ಕಾರ್ಡನ್ನು ಮಾಲ್‌ಗೆ, ವಿಮಾನ ಟಿಕೆಟ್‌ಗೆ ಇಟ್ಟುಕೊಳ್ಳಿ. ಇಷ್ಟು ಮಾಡೋಕೆ ಯಾವ ಕಾನೂನೂ ಬೇಕಿಲ್ಲ.

ಕಾನೂನು ಬೇಕಾಗಿರೋದು ಉಳಿದದ್ದಕ್ಕೆ. ಸಣ್ಣ ವ್ಯಾಪಾರಿಗೆ ಕ್ರೆಡಿಟ್ ಕಾರ್ಡ್ ಶುಲ್ಕಕ್ಕೂ ಮಿತಿ ಬರಬೇಕು, ಡೆಬಿಟ್‌ಗೆ ಹಾಕಿದ ಹಾಗೆ. ಮಿತಿ ಹತ್ತಿರ ಬಂದ ವರ್ಷವೇ, ಕನ್ನಡದಲ್ಲಿ, ರಾಜಿ ತೆರಿಗೆಯ ಆಯ್ಕೆ ಸಮೇತ ತಿಳಿವಳಿಕೆ ಪತ್ರ ಹೋಗಬೇಕು, ನೋಟಿಸ್ ಆಮೇಲೆ. ಪಾಯಿಂಟ್‌ನ ಬೆಲೆಯನ್ನು ರಾತ್ರೋರಾತ್ರಿ ಇಳಿಸುವ ಕಂಪನಿಗಳನ್ನು ಕೇಳೋಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ನ್ಯಾಯಸಮ್ಮತವಲ್ಲದ ಒಪ್ಪಂದ' ಅನ್ನೋ ಕಲ್ಪನೆ ಇದೆ, ಅದನ್ನು ಬಳಸಬೇಕು.

ಟೀ ಅಂಗಡಿಯವರ ನಾಲ್ಕು ವರ್ಷದ ಪ್ರತಿ ಹತ್ತು ರೂಪಾಯಿಯನ್ನೂ ಎಣಿಸುವ ಶಕ್ತಿ ನಮ್ಮ ವ್ಯವಸ್ಥೆಗೆ ಇದೆ ಅಂತ 2025ರ ಜುಲೈ ತೋರಿಸಿತು. ಅದೇ ಶಕ್ತಿಯಿಂದ, ಪ್ರತಿ ಕಾರ್ಡ್ ಉಜ್ಜಿದಾಗ ಅಂಗಡಿಯಿಂದ ಎಷ್ಟು ಹೋಯ್ತು, ಯಾರ ಹತ್ತಿರ ಹೋಯ್ತು ಅನ್ನೋದನ್ನೂ ಎಣಿಸಿ ಹೇಳಬಹುದು. ಎಣಿಸೋಕೆ ಬರುತ್ತೆ. ಯಾರನ್ನು ಎಣಿಸಬೇಕು ಅನ್ನೋದೇ ರಾಜಕೀಯ.